ಅಡಿಸಾಲು

ಥೆಸಲೋನಿಕಿಯ ಬಂದರು, ನವೆಂಬರ್.
ತಂಬಾಕಿನ ಮೂಟೆ ಪೇರಿಸುತ್ತಿದ್ದ ಉಗ್ರಾಣದಲ್ಲಿ
ಈಗ ಇನ್ನೂರು ಕೆಂಪು ಕುರ್ಚಿ.
ಮಳೆ ಬಂದ ದಿನ ಇನ್ನೂ ತಂಬಾಕಿನ ವಾಸನೆ ಏಳುತ್ತದೆ.
ಕೊನೆಯ ಸಾಲಿನ ಮೂಲೆ ನನ್ನದು:
ಅಂಗೈಯಗಲದ ಬೆಳಕು, ಒಂದು ಲ್ಯಾಪ್‌ಟಾಪ್,
ಒತ್ತಿ ಒತ್ತಿ ಗುರುತು ಅಳಿಸಿಹೋದ ಒಂದು ಕೀಲಿ.

ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಒತ್ತುತ್ತೇನೆ,
ಸಬ್‌ಟೈಟಲ್ ಮೂಡುತ್ತದೆ.
ಮುಚ್ಚಿದರೆ ಒತ್ತುತ್ತೇನೆ, ಅಳಿಯುತ್ತದೆ.
ಇಷ್ಟೇ ಕೆಲಸ.

ಮೊದಲ ದಿನ ಬಾವುಟಗಳಿದ್ದವು, ಭಾಷಣಗಳಿದ್ದವು.
"ಯುರೋಪಿನ ಸಿನಿಮಾ ಎಂದರೆ
ಒಂದೇ ಮನೆಯ ಹಲವು ಕಿಟಕಿ" ಎಂದರು ಒಬ್ಬರು,
ಟೈ ಸರಿಮಾಡಿಕೊಳ್ಳುತ್ತ.
ಟಾರ್ಚು ಹಿಡಿದು ನನ್ನ ಪಕ್ಕ ನಿಂತಿದ್ದ ಸ್ಟೆರ್ಯೋಸ್
ಕಿವಿಯಲ್ಲಿ ಉಸುರಿದ: "ಬಾಗಿಲೆಲ್ಲಿ, ಕೇಳು."

ಇವತ್ತು ಬೆಳಿಗ್ಗೆ ಎಸ್ಟೋನಿಯಾ:
ಜೌಗಿನಲ್ಲಿ ತಪ್ಪಿಸಿಕೊಂಡ ಹಸು, ಹುಡುಕುವ ಅಕ್ಕತಂಗಿ,
ಎಲ್ಲ ಸೇರಿ ಇನ್ನೂರ ಹನ್ನೊಂದು ಸಾಲು, ಪುಣ್ಯಾತ್ಗಿತ್ತಿಯರು.
ಮಧ್ಯಾಹ್ನ ಪೋರ್ಚುಗಲ್: ಊಟದ ಮೇಜು, ಒಂಬತ್ತು ಜನ,
ಒಬ್ಬರ ಮಾತಿನ ಮೇಲೊಬ್ಬರ ಮಾತು,
ಹೆಬ್ಬೆರಳಿಗೆ ಉಸಿರು ತಿರುಗಿಸಲು ಬಿಡಲಿಲ್ಲ.

ನನಗೆ ಎಸ್ಟೋನಿಯನ್ ಬಾರದು. ಪೋರ್ಚುಗೀಸೂ ಬಾರದು.
ಮಾತು ಹೊರಡುವ ಮುನ್ನ ಗಂಟಲು ಏಳುವುದು ಗೊತ್ತು,
ಸುಳ್ಳಿಗೆ ಮುಂಚೆ ಕಣ್ಣು ಪಕ್ಕಕ್ಕೆ ಸರಿಯುವುದು ಗೊತ್ತು.
ಹದಿನೇಳು ವರ್ಷಕ್ಕೆ ಕಲಿತದ್ದು ಇಷ್ಟು.

ರಾತ್ರಿಯದು ಹಂಗೇರಿ. ಕಪ್ಪುಬಿಳುಪು.
ನದಿ, ದೋಣಿ ದಾಟಿಸುವವ, ಅವನ ಕುದುರೆ,
ಆಚೆ ದಡದ ವಿಧವೆ.
ನಡುವೆ ನನಗೊಂದು ಕೆಮ್ಮು ಬಂತು.
ಕೆಮ್ಮಿನ ಜೊತೆ ಕೀಲಿ ಒಂದು ಸಲ ಹೆಚ್ಚು ಒತ್ತಿಹೋಯಿತು.

ಅಲ್ಲಿಂದ ಎಲ್ಲವೂ ಒಂದು ಸಾಲು ಮುಂದೆ.
ವಿಧವೆ ಬಾಗಿಲು ತೆರೆದು ಅವನನ್ನು ನೋಡಿದಳು:
"ಹುಲ್ಲು ತಿಂದೆಯಾ?"
ಅವನು ಕುದುರೆಯ ಕತ್ತು ತಟ್ಟಿ ಹೇಳಿದ:
"ಒಳಗೆ ಬಾ, ನನ್ನವರ ಅಂಗಿ ನಿನಗೆ ಸರಿಹೋದೀತು."
ಇನ್ನೂರು ಕುರ್ಚಿಯೂ ನಕ್ಕವು.
ಮೂರನೆಯ ಸಾಲಿನಲ್ಲಿ ಮುದಿ ನಿರ್ದೇಶಕ ಬೊಲ್ಡಿಝಾರ್
ಹಿಂತಿರುಗಿ ಕತ್ತಲೆಯನ್ನು ನೋಡಿದ.
ನಾನೇ ಆ ಕತ್ತಲೆ.

ಮೌನ ಬರಲಿ ಎಂದು ಕಾದೆ.
ಮಾತಿನ ನಡುವೆ ತಿದ್ದಲಾಗುವುದಿಲ್ಲ ನಮ್ಮ ಕೆಲಸದಲ್ಲಿ.
ಬಂತು ಮೌನ: ಬರೀ ನದಿ, ನಾಲ್ಕು ನಿಮಿಷ.
ಒಂದು ಸಾಲು ಹಿಂದೆ ಹೋಗಿ ಕೂತೆ.

ಅಲ್ಲಿ ಅಜ್ಜಿ ಇದ್ದಳು, ಕರೆದಿರಲಿಲ್ಲ.
ಕಪ್ಪಡೋಕಿಯಾದಿಂದ ಏಳರ ವಯಸ್ಸಿಗೆ ಹಡಗೇರಿ ಬಂದವಳು.
ಕತ್ತಿನಲ್ಲಿ ಶಿಲುಬೆ ಇತ್ತು,
ಬಾಯಲ್ಲಿ ಗ್ರೀಕ್ ಇರಲಿಲ್ಲ.
ಕಲಿತಳು. ಎಪ್ಪತ್ತು ವರ್ಷ ಗ್ರೀಕಿನಲ್ಲೇ
ಮೀನಿಗೆ ಚೌಕಾಸಿ, ಸೊಸೆಗೆ ಬೈಗಳು, ದೇವರಿಗೆ ದೂರು.
ಕೊನೆಯ ಮೂರು ದಿನ ಮಾತ್ರ ತುರ್ಕಿ.
ನನ್ನ ಮುಖ ನೋಡಿಕೊಂಡೇ, ಒಂದೇ ವಾಕ್ಯ,
ಮತ್ತೆ, ಮತ್ತೆ.
ನೀರೇನೋ ಎಂದು ನೀರು ಕೊಟ್ಟೆ.
ಗಾಳಿಯೇನೋ ಎಂದು ಕಿಟಕಿ ತೆಗೆದೆ.
ಅವಳು ಹುಬ್ಬೇರಿಸಿ ಗದ್ದ ಮೇಲಕ್ಕೆತ್ತಿದಳು:
ನಮ್ಮ ಕಡೆ ಅದಕ್ಕೆ "ಅಲ್ಲ" ಎಂದು ಅರ್ಥ.
ತುರ್ಕಿಯವರ ಕಡೆಯೂ ಹಾಗೆಯೇ ಅಂತೆ.

ದೋಣಿ ದಡಕ್ಕೆ ತಾಗಿತು. ಒತ್ತಿದೆ.
"ತಡವಾಯಿತು" ಎಂದಳು ವಿಧವೆ.
ಅವಳು ಹೇಳಿದ್ದೂ ಅದೇ.

ದೀಪ ಬಂತು, ಚಪ್ಪಾಳೆ ಬಂತು,
ಮುದುಕ ಕೋಲೂರಿಕೊಂಡು ನನ್ನ ಮೂಲೆಯವರೆಗೂ ಬಂದ.
ಹರಕು ಇಂಗ್ಲಿಷಿನಲ್ಲಿ,
"ಅಂಗಿ ಕುದುರೆಗೇ ಚೆನ್ನಾಗಿ ಒಪ್ಪಿತು" ಎಂದ.
ಕೈ ಕುಲುಕಲು ಹೋಗಿ ಹೆಬ್ಬೆರಳನ್ನಷ್ಟೇ ಹಿಡಿದ.

ಹೊರಗೆ ವರ್ದಾರಿಸ್ ಗಾಳಿ,
ಕಟ್ಟೆಗೆ ಅಪ್ಪಳಿಸುವ ನೀರು, ರಾತ್ರಿ ಒಂದು ಗಂಟೆ.
ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು ಮಾರುವವನು
ಗಾಡಿ ಕಟ್ಟುತ್ತಿದ್ದ.
ನನ್ನನ್ನು ಕಂಡು ಏನೋ ಕೇಳಲು ಬಾಯಿ ತೆರೆದ.

ಕೋಟಿನ ಜೇಬಿನೊಳಗೆ ಹೆಬ್ಬೆರಳು ಒತ್ತಿತು.
ಅವನ ಗದ್ದದ ಕೆಳಗಿನ ಕತ್ತಲನ್ನೇ ನೋಡುತ್ತ ನಿಂತೆ.

ಅವನು ಇನ್ನೊಮ್ಮೆ ಕೇಳಬೇಕಾಯಿತು.