ಮೂವತ್ತೊಂದನೆಯ ಹೆಸರು

ಶಾಲೆಯ ಆಟದ ಹಾಲು. ಬ್ಯಾಸ್ಕೆಟ್‌ಬಾಲಿನ ಬುಟ್ಟಿಯಡಿಗೆ ಮೇಜು,
ಮೇಜಿನ ಮೇಲೆ ಮೈಕು, ಮೈಕಿನ ಪಕ್ಕ ನಾನು,
ವಿನಿಪೆಗ್ ನಗರಸಭೆಗೆ ನಡಾವಳಿ ಬರೆಯುವವಳು.
ಬರೆಯುವುದಷ್ಟೇ. ತಲೆಯಾಡಿಸುವಂತಿಲ್ಲ.
ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಒಳಗೆ ನೂರಾ ಹತ್ತು ಮಡಚುವ ಕುರ್ಚಿ,
ಕುರ್ಚಿಗೊಂದು ಒದ್ದೆ ಕೋಟು.

ವಿಷಯ: ಕಾರ್ಮೊಡಿ ಬೀದಿಯ ಮೂಲೆಯ ಲಾಂಡ್ರಿ ಕೆಡವಿ
ಒಂಬತ್ತು ಮಹಡಿ, ನೂರಾ ನಾಲ್ಕು ಮನೆ,
ಮೂವತ್ತೇ ಕಾರಿಗೆ ಜಾಗ,
ಬೀದಿಯ ನಡುವೆ ಬಸ್ಸಿಗೇ ಮೀಸಲಾದ ದಾರಿ.
ತಲೆಗೆ ಎರಡು ನಿಮಿಷ. ಗಂಟೆ ಬಾರಿಸುವುದೂ ನಾನೇ.

ಬಿಲ್ಡರ್ ಕಡೆಯವನು ಪರದೆಯ ಮೇಲೆ ಚಿತ್ರ ತೋರಿಸಿದ:
ಹಸಿರು ಮರ, ನೀಲಿ ಆಕಾಶ, ನಗುವ ಜನ.
ಒಬ್ಬರ ತಲೆಯ ಮೇಲೂ ಟೋಪಿಯಿಲ್ಲ.
'ಇದು ಯಾವ ಊರು ಸ್ವಾಮಿ?' ಹಿಂದಿನ ಸಾಲಿನಿಂದ ಯಾರೋ.
ಸರದಿಯಿಲ್ಲದ ಮಾತು. ಬರೆಯಲಿಲ್ಲ.

ಎರ್ವಿನ್ ಥೀಸೆನ್ ಎದ್ದರು, ಕೈಯಲ್ಲಿ ನಕ್ಷೆ.
ಸ್ಕೇಲು ಹಿಡಿದು ಸ್ವತಃ ಎಳೆದದ್ದು:
ಜುಲೈ, ಮಧ್ಯಾಹ್ನ ಮೂರು, ಅವರ ಟೊಮೇಟೊ ಪಾತಿ,
ಪಾತಿಯ ಮೇಲೆ ಪೆನ್ಸಿಲಿನಲ್ಲಿ ತಿದ್ದಿ ತಿದ್ದಿ ಕಪ್ಪಾದ ನೆರಳು.
'ಇದಕ್ಕೆ ಯಾರು ಬಾಡಿಗೆ ಕೊಡುತ್ತಾರೆ?'

ಲೆಸ್ಯಾ ಹ್ನಾಟಿಶಿನ್ ಎಲ್ಮ್ ಮರಗಳನ್ನು ಎಣಿಸಿದಳು. ಹದಿನಾಲ್ಕು.
ಪ್ರತಿ ಶರತ್ತಿನಲ್ಲಿ ಅವಳಪ್ಪ
ಕಾಂಡಗಳಿಗೆ ಅಂಟಿನ ಪಟ್ಟಿ ಸುತ್ತುತ್ತಿದ್ದ, ಹುಳ ಹತ್ತದಂತೆ.
ಅಪ್ಪನಿಲ್ಲ. ಏಣಿ ಇದೆ.
ಗಂಟೆ ಬಾರಿಸಿದೆ. ಹನ್ನೊಂದನೆಯ ಮರದಲ್ಲೇ ಎರಡು ನಿಮಿಷ ಮುಗಿದಿತ್ತು.

ಇಪ್ಪತ್ತರ ಹುಡುಗ, ಟ್ರೆಮೇನ್ ಡೆಲೊರ್ಮ್:
'ನಾನಿರುವುದು ನೆಲಮಾಳಿಗೆಯಲ್ಲಿ. ನೆರಳಿನ ಮಾತು ನನಗೆ ತಿಳಿಯದು.
ನನ್ನ ಕಿಟಕಿಯಲ್ಲಿ ಕಾಣುವುದು ಬೂಟು.
ಬೂಟು ನೋಡಿಯೇ ಹೇಳಬಲ್ಲೆ, ಯಾರು ಬಸ್ಸಿಗೆ ಓಡುತ್ತಿದ್ದಾರೆ,
ಯಾರು ಕಾರಿಗೆ ನಡೆಯುತ್ತಿದ್ದಾರೆ.'
ಎಲ್ಲರೂ ನಕ್ಕರು. ಥೀಸೆನ್ ನಕ್ಕು
ಮೆಲ್ಲಗೆ ತಮ್ಮ ಪಾದಗಳತ್ತ ನೋಡಿಕೊಂಡರು.

ಮತ್ತೆ ಹಾಗೇ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಮಾತು:
ಕೆಲವಕ್ಕೆ ಅಂಚಿಲ್ಲ, ಕೆಲವು ಬರೀ ಅಂಚು.
'ಬಸ್ಸು ಬಂದರೆ ಯಾರ್ಯಾರೋ ಬರುತ್ತಾರೆ,' ಎಂದರೊಬ್ಬರು,
ಯಾರೆಂದು ಹೇಳಲಿಲ್ಲ. ಕೇಳಿದವರೂ ಇಲ್ಲ.

ಕೊನೆಯ ಸಾಲಿನಲ್ಲಿ ನೀಲಿ ಕೋಟಿನ ಹೆಂಗಸು,
ತೊಡೆಯ ಮೇಲೆ ನಾಲ್ಕು ಮಡಿಕೆಯ ಕಾಗದ.
ಈ ಹಾಲಿನ ಗಡಿಯಾರಕ್ಕೆ, ಚೆಂಡು ತಾಗದಿರಲೆಂದು,
ತಂತಿಯ ಪಂಜರವಿದೆ. ಅವಳು ಆ ಪಂಜರವನ್ನೇ ನೋಡುತ್ತಿದ್ದಳು.
ಒಂಬತ್ತೂ ನಲವತ್ತಕ್ಕೆ ನನ್ನ ಮೇಜಿಗೆ ಬಂದು ಬಾಗಿದಳು:
'ನಲವತ್ತೇಳಕ್ಕೆ ನನ್ನ ಬಸ್ಸು. ರಾತ್ರಿ ಪಾಳಿ.
ಮುಂದಿನದು ಒಂದು ತಾಸಿಗೆ. ನನ್ನ ಸರದಿ...?'
'ಇನ್ನು ಐದು ಜನ,' ಎಂದೆ.
ಸರದಿ ಬದಲಿಸುವ ಅಧಿಕಾರ ನನಗಿಲ್ಲ, ಎಂದೆ.
ಇತ್ತು.
ಅಧ್ಯಕ್ಷರ ಕಿವಿಯಲ್ಲಿ ಒಂದು ಮಾತು ಸಾಕಿತ್ತು.

ಬಾಗಿಲು ತೆರೆದು ಮುಚ್ಚಿತು. ಮುಂದಿನ ಸಾಲಿನವರು
ಚಳಿ ಎಂದು ಗೊಣಗಿದರು.

'ಮೂವತ್ತೊಂದು. ಲುಜ್ವಿಮಿಂಡಾ ಕಟಕುತನ್.'
ಅಧ್ಯಕ್ಷರು ಹೆಸರನ್ನು ಎರಡು ಸಲ ತಪ್ಪಾಗಿ ಕರೆದರು,
ಮೂರನೆಯ ಸಲ ಸರಿಯಾಗಿ.
ಬರೆದೆ: ಗೈರುಹಾಜರು.
ಪರ, ವಿರೋಧ, ಎರಡೂ ಕಲಮು ಖಾಲಿ.
ಅವಳು ಏನು ಹೇಳಲಿದ್ದಳೋ ಇವತ್ತಿಗೂ ಗೊತ್ತಿಲ್ಲ.
ಅರ್ಜಿಯಲ್ಲಿ ವಿಳಾಸವಿತ್ತು:
ಕಾರ್ಮೊಡಿ ಬೀದಿ, ಲಾಂಡ್ರಿಯ ಮೇಲಿನ ಮನೆ.

ಹತ್ತೂವರೆಗೆ ಸಭೆ ಮುಗಿಯಿತು. ಥೀಸೆನ್
ಟ್ರೆಮೇನನ ಜೊತೆ ಕುರ್ಚಿ ಮಡಚುತ್ತಿದ್ದರು, ಮಾತಿಲ್ಲದೆ.
ನಾನು ಕಾರಿನ ಹೀಟರಿನ ವೈರು ಕಿತ್ತು ಸುತ್ತಿಟ್ಟು
ತಂಗುದಾಣದ ಮುಂದೆ ಹಾಯ್ದೆ.
ಯಾರೂ ಇರಲಿಲ್ಲ.
ದೀಪದಡಿ ಹೊಸ ಹಿಮದಲ್ಲಿ ಒಬ್ಬಳದೇ ಹೆಜ್ಜೆ,
ಆರು ಮಾರು ಆಚೆ, ಆರು ಮಾರು ಈಚೆ,
ತುಳಿದು ತುಳಿದು ಗಾಜಿನಷ್ಟು ಗಟ್ಟಿಯಾದ ದಾರಿ.
ಅದು ಏಳು ನಿಮಿಷದ ಹೆಜ್ಜೆಯಲ್ಲ.
ಬಸ್ಸು ತಡವಾಗಿತ್ತು.