ಪ್ರಾಕ್ಟರ್ ರಸ್ತೆಯ ಗೆರೆ

ಒಹಾಯೊದ ಜನವರಿ. ನಗರದ ಲಾರಿ
ಹಿಮ ನೂಕುತ್ತ ಬಂದು
ವಾಂಡಾ ಕ್ರೆಸ್ಲರಳ ಟಪಾಲು ಡಬ್ಬಿಯ ಹತ್ತಿರ
ಅಲಗೆತ್ತಿ ತಿರುಗಿಬಿಡುತ್ತದೆ.
ಅಲ್ಲಿಂದಾಚೆಗೆ ಕೌಂಟಿಯ ಹಿಮ.

ಎರಡನ್ನೂ ಒಂದಾಗಿಸಬಹುದೇ ನೋಡಿ ಎಂದು
ನಮ್ಮ ಒಂಬತ್ತು ಮಂದಿಗೆ ಹೇಳಿದ್ದರು.
ಹದಿನಾಲ್ಕು ತಿಂಗಳು, ಮಂಗಳವಾರ ಸಂಜೆ,
ಶಾಲೆಯ ಚಿಕ್ಕ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಎಣಿಸಿದೆವು:
ಉಪ್ಪಿನ ಗುಡ್ಡೆ ಎರಡು, ನಾಯಿ ಹಿಡಿಯುವ ವ್ಯಾನು ಎರಡು,
ಒಂದೇ ಗೋಡೆಯ ಆಚೀಚೆ
ತುರ್ತು ಕರೆಯ ಕೋಣೆ ಎರಡು.
ಕಾಫಿ ಚೆನ್ನಾಗಿರುವುದು ಕೌಂಟಿಯದರಲ್ಲಿ.

ಅವರ ಸಾಲಕ್ಕೆ ನಮ್ಮ ಹೆಗಲೇ, ಎಂದರು
ಜೋಳದ ಹೊಲದ ಕಡೆಯವರು.
ಅವರ ರಸ್ತೆಗೆ ನಮ್ಮ ಗಂಟೇ, ಎಂದರು ಪೇಟೆಯವರು.
ಉಳಿಯುವುದೆಷ್ಟು ಎಂದಾಗ ಸಲಹೆಗಾರ
ಕನ್ನಡಕ ಒರೆಸಿದ, ಇನ್ನೊಮ್ಮೆ ಒರೆಸಿದ.

ಆಗ ಎದ್ದಳು ವಾಂಡಾ. ಕೈಯಲ್ಲಿ ಚೀಟಿಯಿಲ್ಲ.
ಲಾಯ್ಡ್ ಕುಸಿದ ಬೆಳಗ್ಗೆ
ನಗರ ಕೌಂಟಿಗೆ ದಾಟಿಸಿತಂತೆ ಕರೆಯನ್ನು.
ಕೌಂಟಿ ಕೇಳಿತಂತೆ:
ಬಿದ್ದಿರುವುದು ಅಡುಗೆಮನೆಯಲ್ಲೋ, ಪಡಸಾಲೆಯಲ್ಲೋ?
"ಗೆರೆ ಮನೆಯೊಳಗೇ ಹಾದಿದೆ ಅಂತ
ಅವತ್ತೇ ನನಗೆ ಗೊತ್ತಾದದ್ದು."

ನಡಾವಳಿ ಬರೆಯುವವಳು ನಾನು.
ಬರೆದೆ: ಸಾರ್ವಜನಿಕ ಹೇಳಿಕೆ, ಒಂದು. ಮೂರು ನಿಮಿಷ.
ಮತ ಐದಕ್ಕೆ ನಾಲ್ಕು: ಅಧ್ಯಯನ ಇನ್ನಾರು ತಿಂಗಳು.

ಮರಳುವಾಗ ಮತ್ತೆ ಹಿಮ. ಮುಂದೆ ಲಾರಿ.
ಟಪಾಲು ಡಬ್ಬಿ ದಾಟಿತು,
ಅಲಗು ಏಳಲಿಲ್ಲ.
ವಾಂಡಾಳ ಮೆಟ್ಟಿಲು, ಅವಳ ಪಕ್ಕದ ಮನೆ,
ಅಷ್ಟು ದೂರ ಡಾಂಬರು ಕೆರೆಯುತ್ತಲೇ ಹೋಗಿ
ಆಮೇಲೆ ಎತ್ತಿದ ಡ್ರೈವರು.
ಯಾರೆಂದು ಗೊತ್ತು.
ನಡಾವಳಿಯಲ್ಲಿ ಅವನ ಹೆಸರಿಲ್ಲ.