ಸರಿ

ತಾಳವಾಡಿಯಲ್ಲಿ ಬೆಳಗಿನ ನಾಲ್ಕೂವರೆ.
ಎಲೆಕೋಸು ತುಂಬಿದ ಐಷರ್ ಗಾಡಿ
ಗಬ್ಬದ ಎಮ್ಮೆಯ ಹಾಗೆ ಹಿಂದಕ್ಕೆ ತಗ್ಗಿ ನಿಂತಿದೆ.
ಜಡೇಸ್ವಾಮಣ್ಣ ಮೊದಲು ಏರ್ ಟ್ಯಾಂಕಿನ ಕೆಳಗೆ ಕೈ ಹಾಕಿ
ಉಂಗುರ ಎಳೆಯುತ್ತಾನೆ.
ರಾತ್ರಿಯಿಡೀ ಗಾಳಿ ಬಚ್ಚಿಟ್ಟುಕೊಂಡ ನೀರು
ಪುಸ್ಸೆಂದು ಅವನ ಮೊಣಕಾಲಿಗೆ ಉಗಿಯುತ್ತದೆ.
‘ಥೂ ನಿನ್ನ’ ಅನ್ನುತ್ತಾನೆ. ದಿನವೂ ಅದನ್ನೇ.

ನನ್ನ ಕೈಯಲ್ಲಿ ರಟ್ಟು, ಕ್ಲಿಪ್ಪು, ಫಾರಮ್ಮು.
ಅಚ್ಚಾಗಿರುವುದು ತಮಿಳಲ್ಲಿ, ನಾನು ಓದಿದ್ದು ಕನ್ನಡ.
ಮೂರು ವರ್ಷದಲ್ಲಿ ಬ್ರೇಕು, ಟೈರು, ದೀಪಗಳ ಆ ಅಕ್ಷರಗಳು
ಬಸ್ಸಿನ ಬೋರ್ಡಿನ ಹಾಗೆ ಮುಖಪರಿಚಯವಾಗಿವೆ.
ಕೊನೆಯ ಕಾಲಮ್ಮಿನ ಪದ ಮಾತ್ರ ಎರಡೂ ಕಡೆಯದ್ದು:
ಸರಿ.
ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.
ಸತ್ಯಮಂಗಲದ ಆಫೀಸಿನಲ್ಲಿ ಯಾರೋ
ಆಕಾರ ನೋಡಿಯೇ ಒಪ್ಪಿಕೊಳ್ಳುತ್ತಾರೆ.

ಟೈರಿನ ಗೀರಿನೊಳಗೆ ಒಂದು ರೂಪಾಯಿ ಇಳಿಯಬೇಕು.
(ರೂಪಾಯಿ ನನ್ನದು. ವಾಪಸು ಕೊಡುವುದು ಅವನಿಗೆ ಮರೆಯುತ್ತದೆ.)
ಅವನು ಪೆಡಲು ತುಳಿದರೆ ನಾನು ಹಿಂದೆ ನಿಂತು ಕೈ ಎತ್ತಬೇಕು:
ಎರಡೂ ಕೆಂಪು.

ಆಮೇಲೆ ಸುತ್ತಿಗೆ.
ನಾಲ್ಕು ಮೂಲೆ, ಮೂಲೆಗೆ ಎಂಟು ನಟ್ಟು, ನಟ್ಟಿಗೊಂದು ಏಟು.
ಬಿಗಿಯಿದ್ದರೆ ಗಂಟೆ, ಸಡಿಲಿದ್ದರೆ ಒಡಕು ಮಡಕೆ.
ಕಲಿಸಿದವನು ಅವನೇ.
ಈಗ ಅವನ ಕಿವಿ ಹೋಗಿದೆ,
ಮೂವತ್ತು ವರ್ಷ ಇಂಜಿನ್ನಿನ ಮಗ್ಗುಲಲ್ಲಿ ಮಲಗಿದ ಕಿವಿ.
ಮಾಲೀಕರಿಗೆ ಗೊತ್ತಿಲ್ಲ.
ಅವನು ಬಡಿಯುತ್ತಾನೆ, ನಾನು ಕೇಳುತ್ತೇನೆ.
‘ಹೆಂಗದವ್ವ?’
‘ಗಂಟೆ.’
ಟಾರ್ಚನ್ನು ನನ್ನ ತುಟಿಗೆ ಹಿಡಿದು ಓದಿಕೊಳ್ಳುತ್ತಾನೆ.
‘ಇದು?’
‘ಗಂಟೆ.’

ಕಾರ್ತಿಕದ ಒಂದು ದಿನ, ಮಂಜು,
ನಾನು ಚೀಟಿ ದುಡ್ಡಿನ ಲೆಕ್ಕದಲ್ಲಿದ್ದೆ.
ಎಡಗಡೆ, ಹಿಂದಿನ ಚಕ್ರ, ನಾಲ್ಕನೇ ನಟ್ಟು.
ಸುತ್ತಿಗೆ ಬಿತ್ತು. ಸದ್ದು ಬಂದಿರಬೇಕು.
‘ಗಂಟೆ’ ಅಂದೆ.
ಸೆಲ್ವಮಣಿ ಸ್ಟೇರಿಂಗಿಗೆ ಕೈಮುಗಿದು ಹೊರಟ.
ಕೆಂಪು ದೀಪ ತಿರುವಿನಲ್ಲಿ ಕರಗಿದ ಮೇಲೆ ಹೊಳೆಯಿತು,
ನಾನು ಕೇಳಿಸಿಕೊಂಡಿರಲಿಲ್ಲ.

ಹಾಸನೂರು. ಗೇಟು.
ಗೇಟಿನಾಚೆ ಕಬ್ಬಿನ ಲಾರಿಗೆ ಕಾದ ಆನೆ.
ದಿಂಬಂ. ಅಲ್ಲಿಂದ ಇಪ್ಪತ್ತೇಳು ಸುತ್ತು ಇಳಿಜಾರು.
ಫೋನು ಮಾಡಿ ಏನನ್ನಲಿ?
ಅಣ್ಣ ನಿಲ್ಸು, ನಾನು ಲೆಕ್ಕ ಹಾಕ್ತಿದ್ದೆ ಅನ್ನಲೇ?
ಆಗ ಆ ಕಿವಿಯ ಗುಟ್ಟೂ ಬೀದಿಗೆ ಬೀಳುತ್ತದೆ.
ಆದರೂ ಮಾಡಿದೆ.
ಸಿಗುತ್ತಿಲ್ಲ ಎಂದು ಫೋನಿನ ಹೆಂಗಸು ತಮಿಳಲ್ಲಿ ಹೇಳಿದಳು.
ನನಗೆ ಸಮಾಧಾನವಾಯಿತು.
ಸಮಾಧಾನವಾಯಿತಲ್ಲ,
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಇಲ್ಲಿ ಕೂತು ಒಂದೊಂದೇ ಸುತ್ತು ಇಳಿಸಿದೆ.
ಒಂಬತ್ತರಲ್ಲಿ ಬೀನ್ಸ್ ಮೂಟೆ ತೂಗಿದೆ.
ಹದಿನಾಲ್ಕರಲ್ಲಿ ಟೀ ಬಂತು, ಹದಿನೇಳರಲ್ಲಿ ಕೆನೆ ಕಟ್ಟಿತು.
ಇಪ್ಪತ್ತೊಂದರಿಂದ ಮುಂದಕ್ಕೆ ಎಣಿಸಲು ಆಗಲಿಲ್ಲ,
ಮತ್ತೆ ಇಪ್ಪತ್ತೊಂದೇ, ಮತ್ತೆ ಇಪ್ಪತ್ತೊಂದೇ.

ಎಂಟು ಹತ್ತಕ್ಕೆ ಬಣ್ಣಾರಿಯಿಂದ ಸೆಲ್ವಮಣಿ:
‘ಎರಂಗಿಟ್ಟೇನ್ ಅಕ್ಕಾ. ಒಂದು ಕೋಸೂ ಉರುಳಿಲ್ಲ.’

ಸಂಜೆ ಗಾಡಿ ಹತ್ತಿ ಬಂದಾಗ
ಯಾರೂ ಇಲ್ಲದ ಹೊತ್ತು ನೋಡಿ ಸುತ್ತಿಗೆ ತಗೊಂಡೆ.
ಎಡಗಡೆ, ಹಿಂದಿನ ಚಕ್ರ, ನಾಲ್ಕನೆಯದು.
ಗಂಟೆ.
ಹೊಸ ಹಿತ್ತಾಳೆಯಂಥ ಗಂಟೆ.
ಸಡಿಲಿದ್ದಿದ್ದರೆ ಬಿಗಿ ಮಾಡಿಸಿ,
ಅತ್ತು, ಉಂಡು ಮಲಗುತ್ತಿದ್ದೆ.
ನಾನು ಬರೆದಿದ್ದು ಸುಳ್ಳು, ಅದು ಸರಿಯಾಗಿಯೇ ಇತ್ತು.
ಹೀಗೆ ಎಷ್ಟು ದಿನ ಬೇಕಾದರೂ ಸರಿಯಾಗಿರಬಹುದು.

ಮಾರನೆಯ ಬೆಳಗ್ಗೆ ನಾಲ್ಕನೇ ನಟ್ಟಿನಲ್ಲಿ
‘ಇನ್ನೊಂದ್ಸಲ’ ಅಂದೆ. ಬಡಿದ.
‘ಇನ್ನೊಂದ್ಸಲ.’
‘ಯಾಕವ್ವ, ನಿನ್ನ ಕಿವೀನೂ ಹೋಯ್ತಾ?’
ನಗುತ್ತ ಟಾರ್ಚು ಎತ್ತಿದ.
ನಾನು ಬೆಳಕಿನಿಂದ ಮುಖ ತಿರುಗಿಸಿ
‘ನಿನ್ನೆ ಹೋಗಿತ್ತು’ ಅಂದೆ.
ಅವನಿಗೆ ಕಾಣಿಸಲಿಲ್ಲ.
ಮೂರನೇ ಸಲ ಬಡಿದ.